ತಾಳ ತಪ್ಪಿದ ಮೋಟಾರು

ಕೊಯ್ಲು ಮುಗಿದು ಗದ್ದೆ ಖಾಲಿಯಾದರೆ ಸಾಕು, ಅಕ್ಕನ ಮಗ ಮಂಗಳೂರಿನಿಂದ ಬ್ಯಾಗು ಹೊತ್ತು ಉಡುಪಿಯ ನಮ್ಮ ಮನೆಗೆ ಹಾಜರು. ಅವರ ಮನೆ ಇರುವುದು ಬಜ್ಪೆ ವಿಮಾನ ನಿಲ್ದಾಣದ ಪಕ್ಕದಲ್ಲೇ. ಅಲ್ಲಿ ಡ್ರೋನ್ ಮೇಲೆತ್ತುವ ಹಾಗೇ ಇಲ್ಲ. ಕಳೆದ ಸಲ ಬಂದವನು ಮೊದಲ ಬ್ಯಾಟರಿಯಲ್ಲೇ ಮೋಟಾರುಗಳ ಪವರ್ ಏರಿಸುವ ಥ್ರಾಟಲ್ ಕಡ್ಡಿಯನ್ನು ಒಮ್ಮೆಲೇ ಪೂರ್ತಿ ತಳ್ಳಿದ. ಡ್ರೋನ್ ತೆಂಗಿನ ಮರದೆತ್ತರ ಹಾರಿತು, ಒಂದು ಮೂಲೆ ಕುಸಿಯಿತು, ಗಿರಗಿರ ಸುತ್ತುತ್ತಾ ಬಂದು ಗದ್ದೆಯ ಕೂಳೆಯ ಮೇಲೆ ಬಿತ್ತು.

"ಮಾವ, ಒಂದು ಮೋಟಾರು ಹೋಯ್ತು ಕಾಣ್ತದೆ."

ಬೆರಳಲ್ಲಿ ತಿರುಗಿಸಿ ನೋಡಿದೆ. ಹಗುರವಾಗಿ ತಿರುಗಿತು. ಮಲ್ಪೆಯ ಮರಳಲ್ಲಿ ಇಳಿಸಿದ್ದರೆ ಕಬ್ಬಿಣದ ಅಂಶವಿರುವ ಕಪ್ಪು ಕಣಗಳು ಆಯಸ್ಕಾಂತಕ್ಕೆ ಅಂಟಿ ಕರಕರ ಅನ್ನುತ್ತವೆ. ಇಲ್ಲಿ ಅದೂ ಇರಲಿಲ್ಲ. ಮೋಟಾರಿಗೆ ಏನೂ ಆಗಿರಲಿಲ್ಲ. ತಾಳ ತಪ್ಪಿತ್ತು, ಅಷ್ಟೆ.

ಈ ಮೋಟಾರುಗಳಲ್ಲಿ ಬ್ರಶ್ ಇಲ್ಲ. ನಡುವೆ ತಾಮ್ರದ ಸುರುಳಿಗಳು, ಹೊರಗೆ ಆಯಸ್ಕಾಂತ ಅಂಟಿಸಿದ ಗಂಟೆಯಂಥ ಮುಚ್ಚಳ, ಹೊರಬರುವ ಮೂರು ತಂತಿ. ಯಾವ ಹೊತ್ತಿಗೆ ಯಾವ ತಂತಿಗೆ ಕರೆಂಟು ಕೊಡಬೇಕು ಎಂದು ನೋಡಿಕೊಳ್ಳುವುದು ಸ್ಪೀಡ್ ಕಂಟ್ರೋಲರ್, ಹವ್ಯಾಸಿಗಳ ಬಾಯಲ್ಲಿ ಇಎಸ್‌ಸಿ. ನಾಲ್ಕು ಮೋಟಾರಿಗೆ ನಾಲ್ಕು ಇಎಸ್‌ಸಿ. ಒಂದೊಂದರಲ್ಲೂ ಪುಟ್ಟ ಚಿಪ್ಪು, ಅದರೊಳಗೆ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ತಂತ್ರಾಂಶ.

ಲೆಕ್ಕ ಹಾಕಿದರೆ ತಮಾಷೆ ಎನಿಸುತ್ತದೆ. ರೇಸಿಂಗ್ ಡ್ರೋನಿನ ಮೋಟಾರಲ್ಲಿ ಸಾಮಾನ್ಯವಾಗಿ 14 ಆಯಸ್ಕಾಂತ, ಅಂದರೆ 7 ಜೋಡಿ. ಒಂದೊಂದು ಜೋಡಿಗೂ 6 ಸಲ ಕರೆಂಟಿನ ದಾರಿ ಬದಲಿಸಬೇಕು. ಒಂದು ಸುತ್ತಿಗೆ 42 ಸಲ ಆಯಿತು. ನಿಮಿಷಕ್ಕೆ 30,000 ಸುತ್ತು ಅಂದರೆ ಸೆಕೆಂಡಿಗೆ 500. ಅಲ್ಲಿಗೆ ಸೆಕೆಂಡಿಗೆ 21,000 ಬದಲಾವಣೆ! ಒಂದರಿಂದ ಇನ್ನೊಂದಕ್ಕೆ ಸುಮಾರು 48 ಮೈಕ್ರೊಸೆಕೆಂಡ್ ಮಾತ್ರ.

ಅದಕ್ಕಿಂತ ದೊಡ್ಡ ಆಶ್ಚರ್ಯ ಬೇರೆ. ಆಯಸ್ಕಾಂತ ಈಗ ಎಲ್ಲಿದೆ ಎಂದು ಹೇಳಲು ಈ ಮೋಟಾರಲ್ಲಿ ಯಾವ ಸೆನ್ಸರೂ ಇಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಚಕ್ರದಲ್ಲಿ ಸಾಮಾನ್ಯವಾಗಿ ಇರುತ್ತದೆ, ಇದರಲ್ಲಿ ಇಲ್ಲ. ಮತ್ತೆ ಗೊತ್ತಾಗುವುದು ಹೇಗೆ? ಯಾವುದೇ ಕ್ಷಣದಲ್ಲಿ ಮೂರು ತಂತಿಗಳಲ್ಲಿ ಎರಡು ಕೆಲಸದಲ್ಲಿರುತ್ತವೆ, ಮೂರನೆಯದು ಸುಮ್ನೆ ಇರುತ್ತದೆ. ತಿರುಗುವ ಆಯಸ್ಕಾಂತ ಆ ಖಾಲಿ ತಂತಿಯ ಸುರುಳಿಯಲ್ಲಿ ಸಣ್ಣ ವೋಲ್ಟೇಜು ಹುಟ್ಟಿಸುತ್ತದೆ. ಅದು ಏರುತ್ತಾ ಇಳಿಯುತ್ತಾ ನಡುಗೆರೆ ದಾಟುವ ಹೊತ್ತನ್ನು ಇಎಸ್‌ಸಿ ಹಿಡಿಯುತ್ತದೆ. ಅದೇ ಅದಕ್ಕೆ ಸನ್ನೆ. ಯಕ್ಷಗಾನದ ಧೀಂಗಿಣದಲ್ಲಿ ಚೆಂಡೆಯವರ ಕಣ್ಣು ಪಾತ್ರಧಾರಿಯ ಕಾಲ ಮೇಲೇ ಇರುತ್ತದಲ್ವಾ, ಹಾಗೆ.

ನಿಂತ ಮೋಟಾರು ಯಾವ ಸನ್ನೆಯನ್ನೂ ಕೊಡುವುದಿಲ್ಲ. ಅದಕ್ಕೇ ಶುರುವಿನಲ್ಲಿ ಇಎಸ್‌ಸಿ ಕಣ್ಣು ಮುಚ್ಚಿಕೊಂಡು ಒಂದೆರಡು ಸಲ ತಳ್ಳಿ ನೋಡುತ್ತದೆ. ಮೋಟಾರು ಒಮ್ಮೆ ಬೆಚ್ಚಿದಂತೆ ಅಲ್ಲಾಡಿ ಆಮೇಲೆ ತಿರುಗುವುದನ್ನು ಹತ್ತಿರದಿಂದ ನೋಡಿದರೆ ಕಾಣಬಹುದು.

ಹುಡುಗನ ಡ್ರೋನ್ ಬಿದ್ದದ್ದು ಯಾಕೆ ಎಂದು ನೋಡೋಣ. ಸುರುಳಿಗೆ ಕರೆಂಟು ನಿಲ್ಲಿಸಿದ ತಕ್ಷಣ ಅದು ಖಾಲಿಯಾಗುವುದಿಲ್ಲ. ಒಳಗೆ ಉಳಿದ ಶಕ್ತಿ ಹರಿದು ಮುಗಿಯಲು ಒಂದಿಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಆ ತಂತಿಯಲ್ಲಿ ಸನ್ನೆ ಕಾಣುವುದಿಲ್ಲ. ಕರೆಂಟು ಜಾಸ್ತಿ ಇದ್ದಷ್ಟೂ ಈ ಹೊತ್ತು ಉದ್ದ. ಥ್ರಾಟಲ್ ಒಮ್ಮೆಲೇ ತಳ್ಳಿದಾಗ ಕರೆಂಟು ನುಗ್ಗಿ, ಸನ್ನೆ ಪೂರ್ತಿ ಮುಚ್ಚಿಹೋಗಬಹುದು. ಇಎಸ್‌ಸಿ ತಪ್ಪು ತಂತಿಗೆ ಕರೆಂಟು ಕೊಡುತ್ತದೆ, ಮೋಟಾರು ತಡವರಿಸಿ ನಿಲ್ಲುತ್ತದೆ. ಇದನ್ನು ಡಿಸಿಂಕ್ ಅನ್ನುತ್ತಾರೆ. ತಾಳ ತಪ್ಪಿತು ಅಂದರೆ ನಮಗೆ ಬೇಗ ತಿಳಿಯುತ್ತದೆ.

ಇದಕ್ಕೆ ಫರ್ಮ್‌ವೇರಿನಲ್ಲೇ ಔಷಧ ಇದೆ, ಹೆಸರು ಡಿಮ್ಯಾಗ್ ಕಾಂಪೆನ್ಸೇಷನ್. ಸನ್ನೆ ಮುಚ್ಚಿಹೋಗುತ್ತಿದೆ ಎಂದು ಕಂಡರೆ ಇಎಸ್‌ಸಿ ಒಂದು ಗಳಿಗೆ ಪವರ್ ತಗ್ಗಿಸಿ, ತಾಳ ಸಿಕ್ಕಿದ ಮೇಲೆ ಮುಂದುವರಿಯುತ್ತದೆ. ಹುಡುಗ ಯಾವುದೋ ವಿಡಿಯೊ ನೋಡಿ ಅದನ್ನು ಆಫ್ ಮಾಡಿದ್ದ, ಪವರ್ ಜಾಸ್ತಿ ಸಿಗುತ್ತದೆಂದು. ಸಿಗುತ್ತದೆ, ಬೀಳುವವರೆಗೆ.

ಲ್ಯಾಪ್‌ಟಾಪ್ ತೆಗೆದು ಕೂತೆವು. ಮೊದಲು ಪ್ರೊಪೆಲ್ಲರ್ ನಾಲ್ಕೂ ಬಿಚ್ಚಿಸಿದೆ. ಮೇಜಿನ ಮೇಲೆ ಮೋಟಾರು ತಿರುಗಿಸುವಾಗ ಇದರಲ್ಲಿ ರಿಯಾಯಿತಿ ಇಲ್ಲ, ಬೆರಳು ಹೋಗುತ್ತದೆ. ಬ್ಯಾಟರಿ ಜೋಡಿಸಿ, ಡ್ರೋನಿನ ಹಾರಾಟ ನೋಡಿಕೊಳ್ಳುವ ಫ್ಲೈಟ್ ಕಂಟ್ರೋಲರ್ ಬೋರ್ಡಿಗೆ ಯುಎಸ್‌ಬಿ ಚುಚ್ಚಿದರೆ ಬ್ರೌಸರಿನಲ್ಲೇ ನಾಲ್ಕೂ ಇಎಸ್‌ಸಿ ಓದಬಹುದು. ಅವನದು 8 ಬಿಟ್ ಚಿಪ್ಪಿನ, ಬಿಎಲ್‌ಹೆಲಿ ಎಸ್ ಎಂಬ ಬಗೆಯ ಇಎಸ್‌ಸಿ. ಅದಕ್ಕೆ ಬ್ಲೂಜೇ ಎಂಬ ಮುಕ್ತ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಫರ್ಮ್‌ವೇರ್ ಹಾಕಿದ್ದ. ಒಳ್ಳೆಯ ಆಯ್ಕೆ ಎಂದೇ ನನ್ನ ಲೆಕ್ಕ. 32 ಬಿಟ್ ಚಿಪ್ಪಿನ ಇಎಸ್‌ಸಿಗಳಿಗೆ ಹೆಸರಾಗಿದ್ದ ಬಿಎಲ್‌ಹೆಲಿ 32 ಫರ್ಮ್‌ವೇರ್ ಮುಚ್ಚಿದ ಸರಕು, 2024ರಲ್ಲಿ ಬಾಗಿಲು ಹಾಕಿತು. ಈಗ ಆ ಜಾಗಕ್ಕೆ ಮುಕ್ತವಾದ ಎಎಂ32 ಬಂದಿದೆ.

ಪರದೆಯ ಮೇಲೆ ಜಿ-ಎಚ್-30 ಅಂತ ಇತ್ತು. ಇದು ಆ ಇಎಸ್‌ಸಿಗೆ ಹೊಂದುವ ಫರ್ಮ್‌ವೇರ್ ಫೈಲಿನ ಗುರುತು, ಗಮನಿಸಬೇಕಾದ ಹೆಸರು. ಮೊದಲ ಅಕ್ಷರ ಚಿಪ್ಪಿನ ಕಾಲುಗಳ ಜೋಡಣೆ, ಎರಡನೆಯದು ಚಿಪ್ಪಿನ ವೇಗ, ಕೊನೆಯ ಅಂಕಿ ಡೆಡ್‌ಟೈಮ್. ಒಂದೊಂದು ತಂತಿಗೂ ಮೇಲೊಂದು ಕೆಳಗೊಂದು ಟ್ರಾನ್ಸಿಸ್ಟರ್ ಸ್ವಿಚ್. ಎರಡೂ ಒಟ್ಟಿಗೆ ಆನ್ ಆದರೆ ಬ್ಯಾಟರಿ ನೇರ ಶಾರ್ಟ್. ಅದಕ್ಕೇ ಒಂದನ್ನು ಆಫ್ ಮಾಡಿ, ಚೂರು ಕಾದು, ಇನ್ನೊಂದನ್ನು ಆನ್ ಮಾಡಬೇಕು. ಹಾಗೆ ಕಾಯುವ ಹೊತ್ತೇ ಡೆಡ್‌ಟೈಮ್. ಇಲ್ಲಿ ಒಂದಕ್ಕೆ ಸುಮಾರು 20 ನ್ಯಾನೊಸೆಕೆಂಡ್ ಲೆಕ್ಕ, 30ಕ್ಕೆ ಮೈಕ್ರೊಸೆಕೆಂಡಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ಗೊತ್ತಿಲ್ಲದೆ ಕಡಿಮೆ ಅಂಕಿಯ ಫೈಲು ಹಾಕಿದರೆ ಹೊಗೆಯೇ ಬರಬಹುದು.

ಹುಡುಗ ಟೈಮಿಂಗ್ (ಕರೆಂಟಿನ ದಾರಿ ಎಷ್ಟು ಮುಂಚೆ ಬದಲಿಸಬೇಕು ಎಂಬುದು), ಪಿಡಬ್ಲ್ಯೂಎಂ (ಕರೆಂಟನ್ನು ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಮಾಡಬೇಕು ಎಂಬುದು), ಡಿಮ್ಯಾಗ್ ಮೂರನ್ನೂ ಒಟ್ಟಿಗೆ ಬದಲಿಸಲು ಹೊರಟ. ಬೇಡ ಅಂದೆ. ಮೂರನ್ನೂ ಬದಲಿಸಿ ಸರಿಯಾದರೆ ಯಾವುದರಿಂದ ಸರಿಯಾಯಿತು ಅಂತ ಹೇಳುವುದು? ಹಳೆಯ ಕ್ಯಾಲೆಂಡರಿನ ಹಿಂದೆ ಇದ್ದದ್ದನ್ನೆಲ್ಲ ಬರೆದುಕೊಂಡು ಡಿಮ್ಯಾಗ್ ಒಂದನ್ನೇ ಮೇಲಿನ ಮಟ್ಟಕ್ಕೆ ಏರಿಸಿದೆವು. ಗದ್ದೆಗೆ ಹೋಗಿ ಎಂಟು ಹತ್ತು ಸಲ ಥ್ರಾಟಲ್ ಗುದ್ದಿದ. ಒಂದೇ ಒಂದು ಸಲ ಮೂಲೆ ಅದುರಿತು, ಬೀಳಲಿಲ್ಲ. ಆಮೇಲೆ ಟೈಮಿಂಗನ್ನು 15ರಿಂದ 22.5 ಡಿಗ್ರಿಗೆ ತಂದೆವು. ಕರೆಂಟಿನ ಪೆಟ್ಟು ಚೂರು ಮುಂಚೆಯೇ ಬೀಳಲಿ ಎಂಬ ಹಾಗೆ. ಅದುರುವುದೂ ನಿಂತಿತು. ಮೋಟಾರು ಮುಟ್ಟಿದರೆ ಸ್ವಲ್ಪ ಜಾಸ್ತಿ ಬಿಸಿ, ಆದರೆ ಬೆರಳು ಇಡಬಹುದಿತ್ತು. ಪಿಡಬ್ಲ್ಯೂಎಂ 48 ಕಿಲೊಹರ್ಟ್ಸಿನಲ್ಲೇ ಉಳಿಯಿತು. 96ಕ್ಕೆ ಏರಿಸಿದರೆ ಹಾರಾಟ ನುಣುಪಾಗುತ್ತದೆ, ಆದರೆ ಕಡಿಮೆ ವೇಗದಲ್ಲಿ ಹಿಡಿತ ಸಡಿಲ. ತಿರುವು ಜಾಸ್ತಿ ಇರುವ ರೇಸಿಗೆ ನನಗೇನೋ ಅದು ಹಿಡಿಸುವುದಿಲ್ಲ.

ಫ್ಲೈಟ್ ಕಂಟ್ರೋಲರ್ ಇಎಸ್‌ಸಿಗೆ ಮಾತಾಡುವುದು ಡಿಶಾಟ್ ಎಂಬ ಭಾಷೆಯಲ್ಲಿ. ಒಂದು ಮಾತಿಗೆ 16 ಬಿಟ್, ಅದರಲ್ಲಿ 11 ಥ್ರಾಟಲ್‌ಗೆ. ಹಾಗಾಗಿ 0ರಿಂದ 2047ರವರೆಗೆ ಹೇಳಬಹುದು. ಮೊದಲ 48 ಸಂಖ್ಯೆಗಳು ಥ್ರಾಟಲ್ ಅಲ್ಲ, ಅಪ್ಪಣೆಗಳಿಗೆ ಮೀಸಲು. ಅದರಲ್ಲಿ ಒಂದು, "ಕೂಗು" ಅಂತ. ಡ್ರೋನಲ್ಲಿ ಸ್ಪೀಕರ್ ಇಲ್ಲದಿದ್ದರೂ ಪರವಾಗಿಲ್ಲ. ಮೋಟಾರು ತಿರುಗದಷ್ಟು ಕರೆಂಟನ್ನು ಕೇಳುವ ವೇಗದಲ್ಲಿ ಬಿಟ್ಟು ಬಿಟ್ಟು ಕೊಟ್ಟರೆ ಸುರುಳಿಯೇ ಪೀಂ ಪೀಂ ಅನ್ನುತ್ತದೆ.

ಇದು ಉಪಯೋಗಕ್ಕೆ ಬಂದದ್ದು ಅದೇ ಸಂಜೆ. ಎಲ್ಲ ಸರಿಯಾದ ಖುಷಿಯಲ್ಲಿ ಹುಡುಗ ತಿರುವಲ್ಲಿ ಅಗಲ ಹೋಗಿ ಡ್ರೋನನ್ನು ಬೇಲಿಯಾಚೆಯ ತೆಂಗಿನ ತಲೆಯಲ್ಲಿ ಸಿಕ್ಕಿಸಿದ. ಕತ್ತಲಾಗಿತ್ತು. ಯಾವ ಮರ ಅಂತ ಗೊತ್ತಾದದ್ದೇ ಆ ಕೂಗಿನಿಂದ. ಮರ ಹತ್ತುವವರು ಬೆಳಿಗ್ಗೆಯೇ ಬರುವುದು. ರಾತ್ರಿ ಊಟಕ್ಕೆ ಕೂತಾಗಲೂ ಪೀಂ ಪೀಂ ನಡೆದೇ ಇತ್ತು.

"ಅದೆಂಥ ಹಕ್ಕಿಯಾ?" ಅಮ್ಮ ಕೇಳಿದರು.

"ನಂದೇ ಅಜ್ಜಿ," ಅಂದ ಹುಡುಗ, ತಟ್ಟೆಯಿಂದ ತಲೆ ಎತ್ತದೆ.