ಮುತ್ತಜ್ಜ ಸ್ಕಾಟ್ಲೆಂಡಿನವರು, ಲಾಂಛನ ಯಾರದು?

ಬೆಂಗಳೂರಿನ ಕಾಕ್ಸ್ ಟೌನ್‌ನಿಂದಲೋ, ಮೆಲ್ಬರ್ನ್‌ಗೆ ವಲಸೆ ಹೋದ ಆಂಗ್ಲೋ ಇಂಡಿಯನ್ ಕುಟುಂಬದಿಂದಲೋ ನನಗೆ ಬರುವ ಪತ್ರಗಳ ಧಾಟಿ ಹೆಚ್ಚುಕಡಿಮೆ ಒಂದೇ. ‘ನಮ್ಮ ಮುತ್ತಜ್ಜ ಸ್ಕಾಟ್ಲೆಂಡಿನವರು. ಅಡ್ಡಹೆಸರು ಫ್ರೇಸರ್. ಫ್ರೇಸರ್ ಮನೆತನದ ಲಾಂಛನವನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆ?’ ಜೊತೆಗೆ ಎಡಿನ್‌ಬರೊದ ರಾಯಲ್ ಮೈಲ್ ಬೀದಿಯ ಅಂಗಡಿಯಲ್ಲಿ ಕೊಂಡು ಚೌಕಟ್ಟು ಹಾಕಿಸಿದ ಗುರಾಣಿಯ ಚಿತ್ರವೂ ಇರುತ್ತದೆ. ಲಾಂಛನದ ಮುಖ್ಯ ಭಾಗವೇ ಈ ಗುರಾಣಿ, ಅದರ ಮೇಲಿನ ಬಣ್ಣ ಮತ್ತು ಚಿಹ್ನೆಗಳೇ ಗುರುತು.

ಫ್ರೇಸರ್ ಮನೆತನದ ಲಾಂಛನವೆಂಬುದು ಸ್ಕಾಟ್ಲೆಂಡಿನ ಕಾನೂನಿನಲ್ಲಿ ಇಲ್ಲ. ನೀಲಿ ನೆಲದ ಮೇಲೆ ಮೂರು ಬಿಳಿ ಸ್ಟ್ರಾಬೆರಿ ಹೂಗಳಿರುವ ಆ ಗುರಾಣಿ ಫ್ರೇಸರ್ ಹೆಸರಿನ ಮುಖ್ಯಸ್ಥರೊಬ್ಬರ ಸ್ವತ್ತು. ಅವರ ಕಾಲಾನಂತರ ಅದು ಅವರ ವಾರಸುದಾರರಿಗೆ ಹೋಗುತ್ತದೆ. ಅದೇ ಅಡ್ಡಹೆಸರಿನ ಉಳಿದ ಸಾವಿರಾರು ಜನರಿಗೆ ಅದರಲ್ಲಿ ಪಾಲಿಲ್ಲ. ಬಕಲ್ ಇರುವ ಪಟ್ಟಿ ಸುತ್ತಿದ, ಟೋಪಿಗೆ ಸಿಕ್ಕಿಸಿಕೊಳ್ಳುವ ಕ್ಲಾನ್ (ಕುಲ) ಬಿಲ್ಲೆಯ ಮಾತು ಬೇರೆ. ನಾನು ಈ ಮುಖ್ಯಸ್ಥರ ಕಡೆಯವನು ಎಂದು ಅದು ಸಾರುತ್ತದೆ, ಧರಿಸುವುದಕ್ಕೆ ಅರ್ಜಿ ಬೇಕಿಲ್ಲ. ಅಷ್ಟರಿಂದ ತೃಪ್ತಿಯಾಗುವವರಿಗೆ ಬಿಲ್ಲೆಯನ್ನೇ ಕೊಳ್ಳಲು ಹೇಳುತ್ತೇನೆ. ಖರ್ಚೂ ಕಡಿಮೆ, ತಲೆನೋವೂ ಕಡಿಮೆ.

ಸ್ವಂತ ಲಾಂಛನವೇ ಬೇಕೆಂದರೆ ಹೋಗಬೇಕಾದ ಜಾಗ ಎಡಿನ್‌ಬರೊದ ನ್ಯೂ ರಿಜಿಸ್ಟರ್ ಹೌಸ್‌ನಲ್ಲಿರುವ, ಸ್ಕಾಟ್ಲೆಂಡಿನಲ್ಲಿ ಲಾಂಛನಗಳನ್ನು ಕೊಡುವ ಅಧಿಕಾರಿಯಾದ ಲಾರ್ಡ್ ಲಯನ್ ಅವರ ನ್ಯಾಯಾಲಯ. ‘ನ್ಯಾಯಾಲಯ’ ಎಂಬುದು ಅಲಂಕಾರದ ಮಾತೇನಲ್ಲ. ಅಲ್ಲಿ ಕಾನೂನು ಕ್ರಮ ಹೂಡಲು ಪ್ರಾಕ್ಯುರೇಟರ್ ಫಿಸ್ಕಲ್ ಎಂಬ ಅಧಿಕಾರಿಯೇ ಇದ್ದಾರೆ. 1672ರ ಕಾಯ್ದೆಯಂತೆ ತೆರೆದ ಸಾರ್ವಜನಿಕ ನೋಂದಣಿ ಪುಸ್ತಕ ಇಂದಿಗೂ ಚಾಲ್ತಿಯಲ್ಲಿದೆ. ಅದರಲ್ಲಿ ದಾಖಲಾಗದ ಲಾಂಛನವನ್ನು ಸ್ಕಾಟ್ಲೆಂಡಿನೊಳಗೆ ಬಳಸುವುದು ಅಪರಾಧ. ಅಬರ್ಡೀನ್‌ಶೈರ್‌ನಲ್ಲಿ ಗಾಲ್ಫ್ ಮೈದಾನ ಮಾಡಲು ಬಂದ ಡೊನಾಲ್ಡ್ ಟ್ರಂಪ್ ಅವರ ಸಂಸ್ಥೆಯೂ ನೋಂದಣಿಯಿಲ್ಲದ ಗುರಾಣಿಯನ್ನು ಬಳಸಿ ಎಚ್ಚರಿಕೆ ಪಡೆಯಿತು. ಕೊನೆಗೆ 2012ರಲ್ಲಿ ವಿಧಿವತ್ತಾಗಿ ಹೊಸ ಲಾಂಛನ ಪಡೆದುಕೊಂಡಿತು. ಟ್ರಂಪ್ ಅವರ ತಾಯಿ ಹುಟ್ಟಿದ್ದು ಇದೇ ನಾಡಿನ ಲೂಯಿಸ್ ದ್ವೀಪದಲ್ಲಿ. ಆ ನಂಟಿನಿಂದ ಯಾವ ರಿಯಾಯಿತಿಯೂ ಸಿಗಲಿಲ್ಲ.

ಪೂರ್ವಜರ ಮೂಲಕ ಹೋಗುವವರಿಗೆ ದಾರಿ ಎರಡು. ಪೂರ್ವಜರಲ್ಲಿ ಯಾರಿಗಾದರೂ ನೋಂದಾಯಿತ ಲಾಂಛನವಿದ್ದು, ನೀವು ಅವರ ಸಂತತಿಯೆಂದು ಸಿದ್ಧಪಡಿಸಿದರೆ ಅದೇ ಲಾಂಛನವನ್ನು ಸಣ್ಣ ವ್ಯತ್ಯಾಸದೊಡನೆ ನಿಮ್ಮ ಹೆಸರಿಗೆ ದಾಖಲಿಸಬಹುದು. ಇದಕ್ಕೆ ಸ್ಕಾಟ್ಲೆಂಡಿನಲ್ಲಿ ಮೆಟ್ರಿಕ್ಯುಲೇಷನ್ ಎನ್ನುತ್ತಾರೆ. ಹಿರಿಯ ಮಗನ ಸಾಲಿನ ವಾರಸುದಾರನಿಗೆ ಗುರಾಣಿ ಬದಲಾವಣೆಯಿಲ್ಲದೆ ಸಿಗುತ್ತದೆ. ಕಿರಿಯರ ಸಾಲಿನವರ ಗುರಾಣಿಗೆ ಸುತ್ತಲೂ ಒಂದು ಅಂಚು ಬರುತ್ತದೆ. ಅಂಚಿನ ಬಣ್ಣ, ಅದರ ಗೆರೆಯ ಅಲೆ ಅಥವಾ ಹಲ್ಲು ನೋಡಿ ಇದು ಎಷ್ಟನೆಯ ಮಗನ ಕವಲು ಎಂದು ಬಲ್ಲವರು ಹೇಳಬಲ್ಲರು. ಆದರೆ ಭಾರತಕ್ಕೆ ಹೊರಟ ಸ್ಕಾಟರಲ್ಲಿ ಬಹುಪಾಲು ಜನ ಸಿಪಾಯಿಗಳು, ಇಂಜಿನಿಯರುಗಳು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಮೇಲ್ವಿಚಾರಕರು. ಅಂಥವರ ಮನೆಗಳಲ್ಲಿ ನೋಂದಾಯಿತ ಗುರಾಣಿ ಸಿಗುವುದು ಅಪರೂಪ.

ಆಗ ಉಳಿಯುವುದು ಹೊಸ ಲಾಂಛನಕ್ಕೆ ಅರ್ಜಿ. ಸ್ಕಾಟ್ಲೆಂಡಿನಲ್ಲಿ ನೆಲೆಸಿದವರು ತಮ್ಮ ಹೆಸರಿನಲ್ಲೇ ಹಾಕಬಹುದು. ಹೊರಗಿರುವವರು ಸ್ಕಾಟ್ಲೆಂಡಿನಲ್ಲಿ ಬಾಳಿದ ಪೂರ್ವಜರೊಬ್ಬರ ಸ್ಮರಣೆಯಲ್ಲಿ ಲಾಂಛನ ಕೇಳಿ, ಆಮೇಲೆ ಅವರ ಸಂತತಿಯಾಗಿ ತಮ್ಮ ಪಾಲನ್ನು ದಾಖಲಿಸಿಕೊಳ್ಳುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ತೀರಿಹೋದವರಿಗೆ ಗುರಾಣಿಯೇ ಎಂದು ನಗಬೇಡಿ, ಕಾನೂನಿನ ದೃಷ್ಟಿಯಲ್ಲಿ ಇದು ಅಚ್ಚುಕಟ್ಟಾದ ಉಪಾಯ. ಕೆನಡಾದವರಿಗೆ 1988ರಿಂದ ಅವರದೇ ಲಾಂಛನ ಪ್ರಾಧಿಕಾರವಿದೆ. ಇಂಗ್ಲೆಂಡಿನಲ್ಲಿ ನೆಲೆಸಿದವರು ಅಲ್ಲಿನ ಲಾಂಛನ ಸಂಸ್ಥೆಯಾದ ಲಂಡನ್‌ನ ಕಾಲೇಜ್ ಆಫ್ ಆರ್ಮ್ಸ್‌ನ ಬಾಗಿಲು ತಟ್ಟಬೇಕು. ಸ್ಕಾಟ್ಲೆಂಡಿನ ಎಲ್ಲ ಅರ್ಜಿಗಳಲ್ಲೂ ಕೊನೆಯ ವಿವೇಚನೆ ಲಾರ್ಡ್ ಲಯನ್ ಅವರದು. ಲಾಂಛನವನ್ನು ‘ಗುಣವಂತರೂ ಅರ್ಹರೂ’ ಆದವರಿಗೆ ಕೊಡಬಹುದು ಎನ್ನುತ್ತದೆ 1672ರ ಕಾಯ್ದೆ. ಕೇಳಿದವರಿಗೆಲ್ಲ ಕೊಡಲೇಬೇಕು ಎನ್ನುವುದಿಲ್ಲ.

ಯಾವ ಪೂರ್ವಜರನ್ನು ಆರಿಸಿಕೊಳ್ಳಬೇಕು ಎಂಬಲ್ಲಿ ಭಾರತದ ನಂಟಿರುವವರು ಎಡವುತ್ತಾರೆ. ಎಲ್ಲರ ಕಣ್ಣು ಹಡಗು ಹತ್ತಿ ಬಂದ ಸಾಹಸಿಯ ಮೇಲೆ. ಆತ ಮದ್ರಾಸಿನ ಸೇನೆಯಲ್ಲಿದ್ದ, ಶ್ರೀರಂಗಪಟ್ಟಣದ ಕದನ ಕಂಡಿದ್ದ, ಆದ್ದರಿಂದ ಲಾಂಛನ ಅವನ ಹೆಸರಿಗೇ ಇರಲಿ ಎಂಬ ಆಸೆ. ಕಾನೂನು ಕೇಳುವುದು ಅವನ ಕಾಯಂ ನೆಲೆ ಎಲ್ಲಿತ್ತು ಎಂದು. 1790ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬ್ರೂಸ್ ಮೊಕದ್ದಮೆ ಬಂತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮೇಜರ್ ಬ್ರೂಸ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದು ಭಾರತದಲ್ಲೇ ತೀರಿಕೊಂಡಿದ್ದ. ಊರಿಗೆ ಮರಳುವ ಇಚ್ಛೆ ಅವನಿಗಿತ್ತು. ಆದರೂ ಅವನ ಕಾಯಂ ನೆಲೆ ಭಾರತವೇ ಎಂದು ತೀರ್ಪಾಯಿತು. ರಾಜನ ಸೇನೆಯ ಅಧಿಕಾರಿಗಳ ಪಾಡು ಬೇರೆ. ಎಲ್ಲಿಗೆ ಕಳುಹಿಸಿದರೂ ಅವರ ಮೂಲ ನೆಲೆ ಹಾಗೇ ಉಳಿಯುತ್ತಿತ್ತು. ಹಾಗಾಗಿ ಮುತ್ತಜ್ಜ ಕಂಪನಿಯ ಸೇನೆಯವನೋ ರಾಜನ ಸೇನೆಯವನೋ ಎಂಬುದನ್ನು ಮೊದಲು ಪತ್ತೆ ಮಾಡುತ್ತೇನೆ. ಕಂಪನಿಯವನಾದರೆ ಒಂದು ತಲೆಮಾರು ಹಿಂದೆ ಸರಿದು, ಪರ್ತ್‌ಶೈರ್‌ನಲ್ಲೋ ಫೈಫ್‌ನಲ್ಲೋ ಹೊಲ ಉತ್ತು ಅಲ್ಲೇ ಮಣ್ಣಾದ ಅವನ ತಂದೆಯ ಮೇಲೆ ಅರ್ಜಿಯನ್ನು ನಿಲ್ಲಿಸುತ್ತೇನೆ. ಕಥೆ ಸಪ್ಪೆಯಾಗುತ್ತದೆ, ಅರ್ಜಿ ಗಟ್ಟಿಯಾಗುತ್ತದೆ.

ಮುಂದಿನ ತೊಡಕನ್ನು ಬಹಳ ಮಂದಿ ನನ್ನ ಬಳಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹಾಗೆ ಹೇಳಬೇಕಾದ ಅಗತ್ಯವಿಲ್ಲ. ಕಂಪನಿಯ ಕಾಲದಲ್ಲಿ ಸ್ಕಾಟಿಷ್ ತಂದೆ ಮತ್ತು ಭಾರತೀಯ ತಾಯಿ ಚರ್ಚಿನಲ್ಲಿ ಮದುವೆಯಾಗದೆ ಸಂಸಾರ ನಡೆಸಿದ್ದು ಸಾಮಾನ್ಯ ಸಂಗತಿ. ದೀಕ್ಷಾಸ್ನಾನದ ಪುಸ್ತಕದಲ್ಲಿ ಅನೇಕ ಕಡೆ ತಂದೆಯ ಹೆಸರಿದೆ, ತಾಯಿಯ ಹೆಸರಿಲ್ಲ. ಸ್ಕಾಟ್ಲೆಂಡ್ 1986ರ ಮತ್ತು 2006ರ ಕಾಯ್ದೆಗಳ ಮೂಲಕ ವಿವಾಹಬಾಹಿರ ಮಕ್ಕಳು ಎಂಬ ಭೇದವನ್ನು ತೆಗೆದುಹಾಕಿತಾದರೂ ಬಿರುದು ಮತ್ತು ಲಾಂಛನಗಳ ಉತ್ತರಾಧಿಕಾರವನ್ನು ಮಾತ್ರ ಆ ಸುಧಾರಣೆಯಿಂದ ಹೊರಗಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಇದು ಅನ್ಯಾಯ. ಆದರೆ ಕಾನೂನು ಹಾಗಿದೆ. ಅಂಥ ಸಂತತಿಗೆ ದಾರಿಯೇ ಮುಚ್ಚಿದೆ ಎಂದಲ್ಲ. ಗುರಾಣಿಯ ಸುತ್ತ ಎರಡು ಬಣ್ಣದ ತುಂಡುಗಳನ್ನು ಒಂದು ಬಿಟ್ಟು ಒಂದು ಜೋಡಿಸಿದ ಅಂಚು ಹಾಕುವುದು ಸ್ಕಾಟ್ಲೆಂಡಿನ ಸಂಪ್ರದಾಯ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮಗು ಹುಟ್ಟಿದ ಮೇಲೆ ತಂದೆತಾಯಿ ಮದುವೆಯಾದರೆ ಆ ಮಗುವಿಗೆ ಔರಸ ಸ್ಥಾನ ಸಿಗುವುದನ್ನು ಸ್ಕಾಟಿಷ್ ಕಾನೂನು ಬಹುಕಾಲದಿಂದ ಒಪ್ಪಿದೆ. ಇಂಗ್ಲೆಂಡ್ ಒಪ್ಪಿದ್ದು 1926ರಲ್ಲಿ. ಇಲ್ಲಿಯೂ ತಂದೆಯ ಕಾಯಂ ನೆಲೆ ಯಾವುದಾಗಿತ್ತು ಎಂಬುದೇ ನಿರ್ಣಾಯಕ. ಆದ್ದರಿಂದ ತಡವಾಗಿ ನಡೆದ ಮದುವೆಯ ದಾಖಲೆ ಸಿಕ್ಕರೆ ಅದನ್ನು ಮುಜುಗರವೆಂದು ಮುಚ್ಚಿಡದೆ ಕೊಡಿ. ಹಾಗೆಯೇ ಉಯಿಲುಗಳನ್ನು ಓದಿ. ಚರ್ಚಿನ ಪುಸ್ತಕ ಬಿಟ್ಟುಬಿಟ್ಟ ತಾಯಿಯ ಹೆಸರು ಎಷ್ಟೋ ಸಲ ತಂದೆಯ ಉಯಿಲಿನಲ್ಲಿ ಸಿಕ್ಕಿದೆ.

ದಾಖಲೆಗಳ ಮಟ್ಟಿಗೆ ಸ್ಕಾಟ್ಲೆಂಡ್ ಉದಾರಿ. 1855ರಿಂದ ಜನನ, ಮದುವೆ, ಮರಣಗಳ ಕಡ್ಡಾಯ ನೋಂದಣಿಯಿದೆ. ಮರಣಪತ್ರದಲ್ಲೂ ಸತ್ತವರ ತಂದೆಯ ಹೆಸರು, ತಾಯಿಯ ತವರಿನ ಅಡ್ಡಹೆಸರು ಇರುತ್ತವೆ. ಒಂದು ಹಾಳೆಯಲ್ಲಿ ಎರಡು ತಲೆಮಾರು ಸಿಕ್ಕಂತೆ. ಅದಕ್ಕೂ ಹಿಂದಿನದಕ್ಕೆ ಪ್ಯಾರಿಷ್ ಚರ್ಚುಗಳ ಹಳೆಯ ಪುಸ್ತಕಗಳೇ ಗತಿ, ಮತ್ತು ಅವುಗಳಲ್ಲಿ ಸವೆದ ಪುಟಗಳು, ಬಿಟ್ಟುಹೋದ ವರ್ಷಗಳು ಬೇಕಾದಷ್ಟು. ಇವೆಲ್ಲ ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ. ಬೆಂಗಳೂರು ದಂಡಿನ ಚರ್ಚುಗಳ ಹಳೆಯ ದಾಖಲೆಗಳ ಪ್ರತಿಗಳು ಮದ್ರಾಸಿನ ವರದಿಗಳೊಡನೆ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಸೇಂಟ್ ಆಂಡ್ರ್ಯೂಸ್ ಚರ್ಚಿನ ಗೋಡೆಯ ಫಲಕಗಳನ್ನೂ ಹೊಸೂರು ರಸ್ತೆಯ ಸಮಾಧಿಗಳನ್ನೂ ಊರಲ್ಲಿರುವವರು ಒಮ್ಮೆ ನೋಡಿ ಬರಲಿ. ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ ವಂಶವೃಕ್ಷದ ಪ್ರತಿಯನ್ನು ಮಾತ್ರ ಕಳುಹಿಸಬೇಡಿ. ಒಂದೇ ಊರಿನಲ್ಲಿ ಒಂದೇ ದಶಕದಲ್ಲಿ ಹುಟ್ಟಿದ ಮೂವರು ಜಾನ್ ಮ್ಯಾಕ್‌ಡೊನಾಲ್ಡರಲ್ಲಿ ನಿಮ್ಮವನು ಯಾರೆಂದು ಅದು ಹೇಳಲಾರದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಲದೇ ಎಂದು ಕೇಳುವವರಿಗೆ ಪ್ರಿಂಗಲ್ ಪ್ರಕರಣ ನೆನಪಿಸುತ್ತೇನೆ. 1683ರ ಬ್ಯಾರನೆಟ್ ಎಂಬ ವಂಶಪಾರಂಪರ್ಯ ಪದವಿಯೊಂದಕ್ಕೆ ಒಂದೇ ಕುಟುಂಬದ ಇಬ್ಬರು ಹಕ್ಕು ಸಾಧಿಸಿದರು. 2016ರಲ್ಲಿ ಬ್ರಿಟನ್ನಿನ ಪ್ರಿವಿ ಕೌನ್ಸಿಲ್ ಎಂಬ ಉನ್ನತ ನ್ಯಾಯಮಂಡಳಿ ಡಿಎನ್‌ಎ ಸಾಕ್ಷ್ಯವನ್ನು ಒಪ್ಪಿತು, ಪದವಿ ತನಗೇ ಬರುತ್ತದೆಂದು ನಂಬಿದ್ದ ಶಾಖೆಯ ಕೈತಪ್ಪಿತು. ನಂಟನ್ನು ತೋರಿಸಲು ಹೋದ ಪರೀಕ್ಷೆ ನಂಟಿಲ್ಲವೆಂದೂ ತೋರಿಸಬಹುದು. ಕುಟುಂಬದವರೆಲ್ಲ ಅದಕ್ಕೆ ಸಿದ್ಧರಿದ್ದಾರೆಯೇ ಎಂದು ಮೊದಲೇ ಮಾತಾಡಿಕೊಳ್ಳಿ.

ಒಂದು ಚದರ ಅಡಿ ಸ್ಕಾಟಿಷ್ ನೆಲ ಕೊಂಡು ‘ಲೇರ್ಡ್’ (ಜಮೀನುದಾರ) ಆಗಿ, ಆಮೇಲೆ ಲಾಂಛನ ಪಡೆಯಿರಿ ಎಂಬ ಜಾಹೀರಾತುಗಳಿಗೆ ದುಡ್ಡು ಹಾಕಬೇಡಿ. ಅಂಥ ಸ್ಮರಣಿಕೆ ತುಣುಕುಗಳು ಭೂ ನೋಂದಣಿಗೇ ಬರುವುದಿಲ್ಲ, ಲಾರ್ಡ್ ಲಯನ್ ಅವುಗಳಿಗೆ ಬೆಲೆ ಕೊಡುವುದೂ ಇಲ್ಲ.

ಖರ್ಚು? ಗುರಾಣಿ, ಅದರ ಮೇಲ್ಗಡೆ ಶಿರಸ್ತ್ರಾಣದ ಮೇಲೆ ಬರುವ ಚಿಹ್ನೆಯಾದ ಕ್ರೆಸ್ಟ್, ಧ್ಯೇಯವಾಕ್ಯ ಸೇರಿದ ಹೊಸ ಲಾಂಛನಕ್ಕೆ ಕೆಲವು ಸಾವಿರ ಪೌಂಡ್. ನಿಗದಿತ ಶುಲ್ಕ ಸರ್ಕಾರದ ಖಜಾನೆಗೆ ಹೋಗುತ್ತದೆ. ಚರ್ಮದ ಹಾಳೆಯ ಮೇಲೆ ಚಿತ್ರ ಬರೆಯುವ ಕಲಾವಿದರ ಸಂಭಾವನೆಯೂ ಲೆಕ್ಕದಲ್ಲಿರಲಿ. ವರ್ಷಕ್ಕಿಂತ ಹೆಚ್ಚು ಕಾದರೆ ಅಚ್ಚರಿಪಡಬೇಡಿ. ಗುರಾಣಿಯ ಎರಡು ಬದಿಗೆ ಹಿಡಿದು ನಿಲ್ಲುವ ಪ್ರಾಣಿಗಳನ್ನು ಕೇಳಬೇಡಿ, ಅವು ಶ್ರೀಮಂತ ಪದವಿಯವರಿಗೆ, ಕ್ಲಾನ್ ಮುಖ್ಯಸ್ಥರಿಗೆ ಮತ್ತು ಅಂಥ ಕೆಲವರಿಗೆ ಮೀಸಲು.

ಬಹಳ ಜನ ಚಿತ್ರವನ್ನೇ ಮೊದಲು ಬರೆಸಿ ಕಳುಹಿಸುತ್ತಾರೆ. ಬೆಂಗಳೂರಿನ ಕುಟುಂಬಗಳಿಗೆ ಗಂಡಭೇರುಂಡದ ಮೇಲೆ ವಿಶೇಷ ಪ್ರೀತಿ. ಅದು ಮೈಸೂರು ಒಡೆಯರ ಲಾಂಛನ, ಈಗ ಕರ್ನಾಟಕ ಸರ್ಕಾರದ ಮುದ್ರೆ. ಇದ್ದಂತೆಯೇ ಎತ್ತಿಕೊಳ್ಳುವುದು ಸಲ್ಲದು. ಎರಡು ತಲೆಯ ಹಕ್ಕಿ ಸ್ಕಾಟ್ಲೆಂಡಿಗೂ ಹೊಸದಲ್ಲ, ಲ್ಯಾನಾರ್ಕ್ ಮತ್ತು ಪರ್ತ್ ಪಟ್ಟಣಗಳ ಹಳೆಯ ಲಾಂಛನಗಳಲ್ಲಿ ಅಂಥ ಹದ್ದಿದೆ. ಆದರೆ ಇದೆಲ್ಲ ಆಮೇಲಿನ ಮಾತು. ಲಾರ್ಡ್ ಲಯನ್ ಅವರಿಗೆ ಬರೆಯುವ ಮೊದಲ ಪತ್ರ ಒಂದೇ ಪುಟ ಇರಲಿ: ತಲೆಮಾರಿಗೊಂದು ಸಾಲು, ಪ್ರತಿ ಸಾಲಿನ ಎದುರು ಅದನ್ನು ಸಿದ್ಧಪಡಿಸುವ ದಾಖಲೆಯ ಹೆಸರು, ಕೊನೆಗೆ ಈ ಅರ್ಜಿ ತಮ್ಮ ವ್ಯಾಪ್ತಿಗೆ ಬರುತ್ತದೆಯೇ ಎಂಬ ಪ್ರಶ್ನೆ. ದಾಖಲೆ ಇಲ್ಲದ ಸಾಲನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ.