ಹೆಪಾಟಿಕ್ ಎನ್ಸೆಫಲೋಪತಿ: ಈಲಿ ಸೋತ ಬೆಕ್ಕಿನ ಮಿದುಳು ಬೇನೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲೋ ಮನೆಯಲ್ಲೋ ಸಾಕಿದ ಬೆಕ್ಕು, ಉಂಡ ಒಂದೆರಡು ಗಂಟೆಯಲ್ಲಿ ಜೊಲ್ಲು ಸುರಿಸುತ್ತ ಗೋಡೆಗೆ ತಲೆಯೊತ್ತಿ ನಿಂತರೆ, ಕಂಡವರು ವಿಷ ತಿಂದಿದೆ ಅಥವಾ ಹುಚ್ಚು ಹಿಡಿದಿದೆ ಎಂದುಕೊಳ್ಳುವುದು ಸಹಜ. ಹುಚ್ಚಿನ, ಅಂದರೆ ರೇಬೀಸ್‌ನ, ಶಂಕೆ ಇರುವಾಗ ಅದರ ಬಾಯಿಗೆ ಬರಿಗೈ ಹಾಕಬಾರದು ಎಂಬುದೂ ಸರಿಯೇ. ಆದರೆ ಇದೇ ಲಕ್ಷಣಗಳಿಗೆ ಈಲಿಯೂ, ಅಂದರೆ ಯಕೃತ್ತೂ, ಕಾರಣವಾಗಬಹುದು.

ಈ ಬೇನೆಯ ಹೆಸರು ಹೆಪಾಟಿಕ್ ಎನ್ಸೆಫಲೋಪತಿ. ಈ ಪದ ಗ್ರೀಕ್ ಮೂಲದ್ದು: ಹೆಪಾರ್ ಎಂದರೆ ಈಲಿ, ಎನ್ಕೆಫಲೋಸ್ ಎಂದರೆ ಮಿದುಳು, ಪಾಥೋಸ್ ಎಂದರೆ ಬಾಧೆ. ಆಹಾರದ ಪ್ರೋಟೀನನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ಅಮೋನಿಯಾ ಪೋರ್ಟಲ್ ಅಭಿಧಮನಿಯ ಮೂಲಕ ಈಲಿಗೆ ಬರುತ್ತದೆ. ಈಲಿ ಅದನ್ನು ಯೂರಿಯಾ ಆಗಿಸಿ, ಮೂತ್ರದಲ್ಲಿ ಹೊರಹೋಗಲು ಅನುವು ಮಾಡುತ್ತದೆ. ಹುಟ್ಟಿನಿಂದಲೇ ಇರುವ ಅಡ್ಡನಾಳವೊಂದು ರಕ್ತವನ್ನು ಈಲಿಯನ್ನು ಮುಟ್ಟಿಸದೆ ದಾಟಿಸಿದರೆ, ಅಥವಾ ದಪ್ಪ ಬೆಕ್ಕು ಹಲವು ದಿನ ಅನ್ನ ಬಿಟ್ಟು ಈಲಿಯಲ್ಲಿ ಕೊಬ್ಬು ತುಂಬಿಕೊಂಡರೆ, ಅಮೋನಿಯಾ ನೇರ ಮಿದುಳಿಗೆ ತಲುಪಿ ಮಂಕು, ಕುರುಡುತನ, ಫಿಟ್ಸ್ ತರುತ್ತದೆ. ಅಡ್ಡನಾಳವಿರುವ ಕೆಲವು ಬೆಕ್ಕುಗಳ ಕಣ್ಣಿನ ಪಾಪೆಯ ಸುತ್ತ ತಾಮ್ರದ ಬಣ್ಣವಿರುತ್ತದೆ.

ಬೆಕ್ಕಿಗೆ ಇನ್ನೊಂದು ದೌರ್ಬಲ್ಯವಿದೆ. ಯೂರಿಯಾ ತಯಾರಿಕೆಗೆ ಬೇಕಾದ ಅರ್ಜಿನಿನ್ ಅಮೈನೋ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಅರ್ಜಿನಿನ್ ಇಲ್ಲದ ಒಂದೇ ಊಟ ಅದರ ರಕ್ತದ ಅಮೋನಿಯಾವನ್ನು ಕೆಲವೇ ಗಂಟೆಗಳಲ್ಲಿ ಅಪಾಯಕ್ಕೇರಿಸುತ್ತದೆಂದು ವಿಜ್ಞಾನಿಗಳಾದ ಮಾರಿಸ್ ಮತ್ತು ರಾಜರ್ಸ್ 1978ರಲ್ಲಿ ತೋರಿಸಿದರು. ಆದ್ದರಿಂದ ಪ್ರೋಟೀನ್ ಕಡಿಮೆಯಾಗಲೆಂದು, ಅರ್ಜಿನಿನ್ ಇರುವ ಮಾಂಸ ತಪ್ಪಿಸಿ ಬರೀ ಹಾಲು-ಅನ್ನಕ್ಕೆ ಇಳಿಸುವುದು ಒಳಿತಿನ ಆಸೆಯಿಂದ ಆಗುವ ಕೆಡುಕು. ಎಷ್ಟು ಪ್ರೋಟೀನ್ ಎಂಬುದನ್ನು ಪಶುವೈದ್ಯರೇ ಹೇಳಬೇಕು. ಅವರು ಸಾಮಾನ್ಯವಾಗಿ ಕೊಡುವ ಲ್ಯಾಕ್ಟುಲೋಸ್ ಎಂಬ ಔಷಧ ದೊಡ್ಡ ಕರುಳನ್ನು ಆಮ್ಲೀಯವಾಗಿಸಿ, ಅಮೋನಿಯಾ ರಕ್ತಕ್ಕೆ ಮರಳದಂತೆ ಅಲ್ಲಿಯೇ ಹಿಡಿದಿಟ್ಟು ಮಲದೊಡನೆ ಹೊರಹಾಕುತ್ತದೆ.

ರಕ್ತದ ತೊಂದರೆಯೂ ಇದೇ ವೇಷದಲ್ಲಿ ಬರಬಹುದು. ಕೆಂಪು ರಕ್ತಕಣ ಅತಿಯಾದರೆ ರಕ್ತ ಗಟ್ಟಿಯಾಗಿ ಹರಿವು ನಿಧಾನವಾಗಿ ಫಿಟ್ಸ್ ಬರುವುದುಂಟು. ಇಲಿಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದಾಗ, ಆ ವಿಷ ಬ್ರೊಮಾಡಿಯೋಲೋನ್‌ನಂಥದ್ದಾದರೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಈಲಿ ಸರಿಯಾಗಿ ತಯಾರಿಸಲಾರದೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಆಗ ಬೇಕಾದದ್ದು ಲ್ಯಾಕ್ಟುಲೋಸ್ ಅಲ್ಲ, ವಿಟಮಿನ್ ಕೆ1.