ತಿಮಿಂಗಿಲದ ಜೊತೆ ಈಜು: ಟೊಂಗಾದ ನಿಯಮಗಳಲ್ಲಿ ಗಡಿಯಾರ ಯಾರದು?

ಹಂಪ್‌ಬ್ಯಾಕ್ ತಿಮಿಂಗಿಲಗಳ ಜೊತೆ ನೀರಿಗಿಳಿಯಲು ಕಾನೂನೇ ಅನುಮತಿ ಕೊಡುವ ದೇಶಗಳು ಕೆಲವೇ ಕೆಲವು. ಅವುಗಳಲ್ಲಿ ಕಲಿಯುವವರಿಗೆ ಹೆಚ್ಚು ಉಪಯೋಗವಾಗುವುದು ದಕ್ಷಿಣ ಪೆಸಿಫಿಕ್‌ನ ದ್ವೀಪದೇಶ ಟೊಂಗಾ, ಏಕೆಂದರೆ ಅಲ್ಲಿ ಎಲ್ಲವೂ ಬರಹದಲ್ಲಿದೆ: 2009ರ ಕಾಯ್ದೆ, 2013ರ ನಿಯಮಾವಳಿ. ಹಿನ್ನೆಲೆ ಎರಡು ಸಾಲಿನಲ್ಲಿ ಮುಗಿಯುತ್ತದೆ. 1978ರಲ್ಲಿ ದೊರೆಯ ಆಜ್ಞೆಯಿಂದ ಅಲ್ಲಿ ತಿಮಿಂಗಿಲ ಬೇಟೆ ನಿಂತಿತು. 1990ರ ದಶಕದ ಮೊದಲ ವರ್ಷಗಳಲ್ಲಿ ವವಾಉ ದ್ವೀಪಗಳಲ್ಲಿ ಪ್ರವಾಸಿ ದೋಣಿಗಳು ಶುರುವಾದವು. ಋತು ಜುಲೈನಿಂದ ಅಕ್ಟೋಬರ್ ವರೆಗೆ. ಅಂಟಾರ್ಕ್ಟಿಕಾದ ಕಡೆಯಿಂದ ಸಾವಿರಾರು ಕಿಲೋಮೀಟರ್ ಈಜಿ ಬರುವ ತಿಮಿಂಗಿಲಗಳು ಇಲ್ಲಿ ಕೂಡುತ್ತವೆ, ಮರಿ ಹಾಕುತ್ತವೆ, ಮರಿಗೆ ಹಾಲೂಡಿಸುತ್ತವೆ.

ಬಾಯಿಪಾಠ ಮಾಡಬೇಕಾದದ್ದು ಇಷ್ಟೇ. ಒಮ್ಮೆಗೆ ನೀರಿನಲ್ಲಿ ನಾಲ್ವರು ಈಜುಗಾರರು, ಜೊತೆಗೆ ಲೈಸೆನ್ಸ್ ಇರುವ ಒಬ್ಬ ಗೈಡ್. ತಿಮಿಂಗಿಲಗಳ ಒಂದು ಗುಂಪಿನ ಹತ್ತಿರ ಒಂದು ಹೊತ್ತಿಗೆ ಒಂದೇ ದೋಣಿಯವರು ನೀರಿನಲ್ಲಿರಬೇಕು. ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಇಲ್ಲ, ಮಾಸ್ಕ್, ಸ್ನಾರ್ಕೆಲ್ (ಉಸಿರಾಟದ ಕೊಳವೆ) ಮತ್ತು ಫಿನ್ಸ್ (ಕಾಲಿಗೆ ಹಾಕುವ ಈಜುಪಟ್ಟಿ) ಮಾತ್ರ. ಈಜುಗಾರ ಮತ್ತು ತಿಮಿಂಗಿಲದ ನಡುವೆ ಕನಿಷ್ಠ 5 ಮೀಟರ್ ಅಂತರ. ಒಂದು ಭೇಟಿ ಮುಗಿದ ಮೇಲೆ 90 ನಿಮಿಷ ವಿರಾಮ. ಮೊದಲ ಮೂರರಲ್ಲಿ ಯಾರೂ ಎಡವುವುದಿಲ್ಲ. ಅಂತರದ ವಿಷಯದಲ್ಲಿ ಸ್ವಲ್ಪ ಎಡವುತ್ತಾರೆ. 90 ನಿಮಿಷದಲ್ಲಿ ಹೆಚ್ಚಿನವರು ಎಡವುತ್ತಾರೆ. ಈ ಟಿಪ್ಪಣಿಯ ದೊಡ್ಡ ಪಾಲು ಅದಕ್ಕೇ ಮೀಸಲು.

ಮೊದಲು ತಾಯಿಯ ಲೆಕ್ಕ

ಈ ಲೆಕ್ಕ ಗೊತ್ತಿಲ್ಲದಿದ್ದರೆ ನಿಯಮಗಳು ಬರೀ ಕಟ್ಟುಪಾಡುಗಳಂತೆ ಕಾಣುತ್ತವೆ. ತಾಯಿ ಹಂಪ್‌ಬ್ಯಾಕ್ ಸುಮಾರು 14 ಮೀಟರ್ ಉದ್ದ, ತೂಕ 30 ಟನ್ನಿನ ಆಸುಪಾಸು. ಹುಟ್ಟಿದ ಮರಿ 4 ಮೀಟರಿಗೂ ಸ್ವಲ್ಪ ಹೆಚ್ಚು. ಟೊಂಗಾದ ಬೆಚ್ಚಗಿನ ನೀರಿನಲ್ಲಿ ತಾಯಿಗೆ ತಿನ್ನಲು ಏನೂ ಸಿಗುವುದಿಲ್ಲ ಎಂದೇ ಹೇಳಬೇಕು. ಅವಳ ಆಹಾರವಾದ ಕ್ರಿಲ್ (ಸೀಗಡಿಯಂಥ ಪುಟ್ಟ ಜೀವಿ) ಇರುವುದು ದಕ್ಷಿಣದ ತಣ್ಣೀರಿನಲ್ಲಿ. ಅಲ್ಲಿ ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬೇ ಅವಳ ಪೂರ್ತಿ ಗಂಟು. ಅದೇ ಗಂಟಿನಿಂದ ಅವಳು ಬದುಕಬೇಕು, ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಕೊಬ್ಬಿರುವ ಹಾಲನ್ನು ಮರಿಗೆ ಕೊಡಬೇಕು, ಕೊನೆಗೆ ಮರಿಯನ್ನು ಕರೆದುಕೊಂಡು ಮತ್ತೆ ದಕ್ಷಿಣಕ್ಕೆ ಈಜಬೇಕು. ಮರಿಯ ಮೈಮೇಲೆ ಕೊಬ್ಬಿನ ಪದರ ಇನ್ನೂ ತೆಳುವಾಗಿಯೇ ಇರುತ್ತದೆ.

ಹೀಗಾಗಿ ತಾಯಿ ನೀರಿನ ಕೆಳಗೆ ಅಲ್ಲಾಡದೆ ನಿಂತಿರುವುದು ಸುಮ್ಮನೆ ಕಾಲ ಕಳೆಯುವುದಲ್ಲ. ಅದು ಉಳಿತಾಯ. ಆ ಹೊತ್ತಿನಲ್ಲಿ ಮರಿ ಕೆಲವು ನಿಮಿಷಕ್ಕೊಮ್ಮೆ ಉಸಿರಿಗಾಗಿ ಮೇಲೆ ಬಂದು, ಸಣ್ಣ ಸುತ್ತು ಹಾಕಿ, ಮತ್ತೆ ತಾಯಿಯ ಗಲ್ಲದ ಕೆಳಗೆ ಸೇರಿಕೊಳ್ಳುತ್ತದೆ. ತಾಯಿ ಅದಕ್ಕಿಂತ ಬಹಳ ಹೊತ್ತು ಕೆಳಗೇ ಇರುತ್ತಾಳೆ. ಪ್ರವಾಸಿಗರಿಗೆ ಸಿಗುವ ಅತಿ ಸುಲಭದ ಭೇಟಿ ಇದೇ, ತಿಮಿಂಗಿಲಕ್ಕೆ ಅತಿ ದುಬಾರಿಯಾಗಬಹುದಾದ ಭೇಟಿಯೂ ಇದೇ. ಅವಳನ್ನು ಎಬ್ಬಿಸಿ ಓಡಿಸಿದರೆ ಕರಗುವ ಕೊಬ್ಬು ಆ ಋತುವಿನಲ್ಲಿ ಮತ್ತೆ ತುಂಬುವುದಿಲ್ಲ.

90 ನಿಮಿಷ: ಗಡಿಯಾರ ದೋಣಿಯದಲ್ಲ

ನಿಯಮವನ್ನು ಮೊದಲ ಸಲ ಓದಿದಾಗ ಬರುವ ಅರ್ಥ ಹೀಗೆ: "ನಮ್ಮ ದೋಣಿ ಒಂದು ತಿಮಿಂಗಿಲದ ಬಳಿ ಇದ್ದು ಬಂದರೆ, ನಮ್ಮ ದೋಣಿ 90 ನಿಮಿಷ ಬಿಡುವು ಕೊಡಬೇಕು." ಇದು ತಪ್ಪು. ಬಿಡುವು ಸಿಗಬೇಕಾದದ್ದು ತಿಮಿಂಗಿಲಕ್ಕೆ. ಮೊದಲ ದೋಣಿ ಹೋದ ಮೇಲೆ ಬಂದ ಎರಡನೇ ದೋಣಿಗೂ ಅದೇ ಗಡಿಯಾರ ಅನ್ವಯಿಸುತ್ತದೆ.

ಇದನ್ನು ಕಾಗದದ ಮೇಲೆ ಹಾಕಿ ನೋಡಿ. ದಿನದ ಕೆಲಸ ಬೆಳಗ್ಗೆ 8ರಿಂದ ಸಂಜೆ 4ರವರೆಗೆ, ಅಂದರೆ 480 ನಿಮಿಷ ಎಂದುಕೊಳ್ಳಿ. ಒಂದು ಭೇಟಿ ಹೆಚ್ಚೆಂದರೆ 90 ನಿಮಿಷ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಒಂದೇ ತಾಯಿ ಮತ್ತು ಮರಿ, ಮೂರು ದೋಣಿಗಳು.

ಸರಿಯಾದ ಲೆಕ್ಕ: 8:00ರಿಂದ 9:30 ಭೇಟಿ, 11:00ರವರೆಗೆ ಬಿಡುವು. 11:00ರಿಂದ 12:30 ಭೇಟಿ, 2:00ರವರೆಗೆ ಬಿಡುವು. 2:00ರಿಂದ 3:30 ಭೇಟಿ. ಒಟ್ಟು 270 ನಿಮಿಷ ಜನರ ಜೊತೆ, ಉಳಿದ 210 ನಿಮಿಷ ನೆಮ್ಮದಿ. ದೋಣಿ ಮೂರಿರಲಿ, ಹತ್ತಿರಲಿ, ಈ ಉತ್ತರ ಬದಲಾಗುವುದಿಲ್ಲ.

ತಪ್ಪು ಲೆಕ್ಕ: ಪ್ರತಿ ದೋಣಿಗೂ ಬೇರೆ ಗಡಿಯಾರ. ಮೊದಲನೆಯದು 9:30ಕ್ಕೆ ಹೊರಟಿತು, ಎರಡನೆಯದು 9:40ಕ್ಕೆ ಬಂದು 11:10ರವರೆಗೆ ನಿಂತಿತು, ಮೂರನೆಯದು 11:20ರಿಂದ 12:50ರವರೆಗೆ. ಅಷ್ಟರಲ್ಲಿ ಮೊದಲನೆಯದರ "ಬಿಡುವು" ಯಾವಾಗಲೋ ಮುಗಿದಿದೆ. ಅದು 1:00ಕ್ಕೆ ಮರಳಿ ಬಂದು 2:30ರವರೆಗೆ, ಎರಡನೆಯದು 2:40ರಿಂದ 4:00ರವರೆಗೆ. ಐದು ಭೇಟಿಗಳು. ತಿಮಿಂಗಿಲಕ್ಕೆ ಇಡೀ ದಿನದಲ್ಲಿ ಸಿಕ್ಕ ಬಿಡುವು ಹತ್ತು ಹತ್ತು ನಿಮಿಷದ ನಾಲ್ಕು ತುಣುಕು, ಒಟ್ಟು 40 ನಿಮಿಷ. ಆದರೆ ಮೂರೂ ದೋಣಿಗಳ ಲಾಗ್ ಪುಸ್ತಕ ತೆರೆದು ನೋಡಿದರೆ, ಒಂದೊಂದೂ ನಿಯಮ ಪಾಲಿಸಿದಂತೆಯೇ ಕಾಣುತ್ತದೆ! ಇಡೀ ಗೊಂದಲದ ಬೇರು ಇಲ್ಲಿದೆ. ಒಂದು ದೋಣಿಯ ಪುಸ್ತಕದಿಂದ ತಿಮಿಂಗಿಲದ ದಿನ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ.

ಆದ್ದರಿಂದ ಪುಸ್ತಕದ ಸಾಲು ದೋಣಿಯ ಹೆಸರಿನಿಂದ ಶುರುವಾಗಬಾರದು, ತಿಮಿಂಗಿಲದ ಗುರುತಿನಿಂದ ಶುರುವಾಗಬೇಕು: ಗುಂಪಿನಲ್ಲಿ ಯಾರ‍್ಯಾರಿದ್ದಾರೆ, ಎಲ್ಲಿ, ಕೊನೆಯ ಈಜುಗಾರ ನೀರಿನಿಂದ ಮೇಲೆ ಬಂದ ಗಂಟೆ ಎಷ್ಟು. ಆ ಗಂಟೆಯನ್ನು ರೇಡಿಯೊದಲ್ಲಿ ದೋಣಿ ನಡೆಸುವ ಉಳಿದ ಸ್ಕಿಪ್ಪರ್‌ಗಳಿಗೆ ಹೇಳಬೇಕು. ಹೊಸದಾಗಿ ಬಂದ ದೋಣಿಯ ಮೊದಲ ಪ್ರಶ್ನೆ "ಎಲ್ಲಿದೆ?" ಅಲ್ಲ, "ಕೊನೆಯ ಸಲ ಯಾವಾಗ ಬಿಟ್ಟಿರಿ?" ಎಂದಿರಬೇಕು.

ಇಲ್ಲಿ ಒಂದು ನಿಜವಾದ ಕಷ್ಟವಿದೆ: ಅದೇ ತಿಮಿಂಗಿಲವೇ ಎಂದು ಹೇಗೆ ಗೊತ್ತಾಗಬೇಕು? ಬೆನ್ನಿನ ಸಣ್ಣ ರೆಕ್ಕೆಯ ಆಕಾರವನ್ನು ನೋಡಿ. ಕೊಕ್ಕೆಯಂತಿದೆಯೇ, ಮೊಂಡಾಗಿದೆಯೇ, ತುದಿ ಹರಿದಿದೆಯೇ. ಪಕ್ಕೆಯ ಮೇಲಿನ ಬಿಳಿ ಗುರುತುಗಳನ್ನೂ ಗಾಯದ ಕಲೆಗಳನ್ನೂ ನೋಡಿ. ಮರಿಯ ಗಾತ್ರ ಗಮನಿಸಿ. ಸಂದೇಹ ಉಳಿದರೆ ಅದೇ ಎಂದುಕೊಂಡು ಕಾಯಿರಿ. ತಪ್ಪಾಗಿ ಕಾದರೆ ನಷ್ಟ ಒಂದು ಭೇಟಿ ಅಷ್ಟೇ.

ಇನ್ನೊಂದು ಮಾತು ಪಕ್ಕಕ್ಕೆ. ಟೊಂಗಾದಲ್ಲಿ ಭಾನುವಾರ ವ್ಯಾಪಾರಕ್ಕೆ ಸಂವಿಧಾನವೇ ತಡೆ ಹಾಕಿದೆ, ಈಜು ದೋಣಿಗಳೂ ಅಂದು ಹೊರಡುವುದಿಲ್ಲ. ಆ ನಾಡಿನ ಧರ್ಮಶ್ರದ್ಧೆಗಾಗಿ ಮಾಡಿದ ಕಟ್ಟಳೆಯಿಂದ ತಿಮಿಂಗಿಲಗಳಿಗೂ ವಾರಕ್ಕೊಂದು ಪೂರ್ತಿ ದಿನ ದಕ್ಕಿದೆ. ಬೇರೆ ಕಡೆಯವರು ಇದನ್ನು ಬೇಕೆಂದೇ ಅಳವಡಿಸಿಕೊಳ್ಳಬಹುದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ದೋಣಿ ಹತ್ತಿರ ಹೋಗುವ ಬಗೆ

ಎದುರಿನಿಂದ ಹೋಗಬೇಡಿ, ಹಾದಿ ಕಟ್ಟಿದಂತಾಗುತ್ತದೆ. ನೇರ ಹಿಂದಿನಿಂದಲೂ ಬೇಡ, ಅಟ್ಟಿಸಿಕೊಂಡು ಬಂದಂತಾಗುತ್ತದೆ. ಪಕ್ಕದಿಂದ, ಸ್ವಲ್ಪ ಹಿಂದೆ ಇದ್ದು, ಅದು ಹೋಗುವ ದಿಕ್ಕಿಗೆ ಸಮಾನಾಂತರವಾಗಿ, ಹಿಂದೆ ಅಲೆ ಏಳದಷ್ಟು ನಿಧಾನವಾಗಿ ಸಾಗಿ. ಗೇರ್ ಪದೇ ಪದೇ ಬದಲಿಸಬೇಡಿ. ಒಂದೇ ಸಮನೆಯ ಮೆಲುದನಿಗಿಂತ ಗೇರ್ ಬೀಳುವ ಹಠಾತ್ ಸದ್ದು ಕೆಟ್ಟದ್ದು. ಈಜುಗಾರರು ಇಳಿಯುವ ಮೊದಲು ಎಂಜಿನ್ ನ್ಯೂಟ್ರಲ್‌ನಲ್ಲಿ ಇರಲೇಬೇಕು, ಪ್ರೊಪೆಲ್ಲರ್ ನಿಂತಿರುವುದನ್ನು ಖಚಿತ ಮಾಡಿಕೊಂಡ ಮೇಲೆಯೇ "ಇಳಿಯಿರಿ" ಎನ್ನಬೇಕು.

ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು ಬೇರೆ. ಸಾಗುತ್ತಿರುವ ತಿಮಿಂಗಿಲವನ್ನು ದೋಣಿಯಿಂದ ದಾಟಿ, ಮುಂದೆ ಜನರನ್ನು ಇಳಿಸಿ, ಅದು ಹಾದುಹೋದ ಮೇಲೆ ಹತ್ತಿಸಿಕೊಂಡು, ಮತ್ತೆ ದಾಟುವುದು. ಒಂದೊಂದು ಇಳಿತವೂ ಚಿಕ್ಕದು, ಆದರೆ ತಿಮಿಂಗಿಲದ ಪಾಲಿಗೆ ಅದು ಬಿಡದೆ ನಡೆಯುವ ಅಟ್ಟಾಟ. ಎರಡು ಸಲ ಇಳಿಸಿದಾಗಲೂ ಅದು ದಿಕ್ಕು ಬದಲಿಸಿತೇ? ಮೂರನೆಯ ಸಲ ಇಳಿಸಬೇಡಿ, ಬಿಟ್ಟು ಬನ್ನಿ.

ನೀರಿನಲ್ಲಿ

ಧುಮುಕಬೇಡಿ, ದೋಣಿಯ ಅಂಚಿನಿಂದ ಜಾರಿ ಇಳಿಯಿರಿ. ಫಿನ್ಸ್ ನೀರಿನ ಮೇಲೆ ಬಡಿಯಬಾರದು, ಒಳಗೇ ಆಡಬೇಕು. ನಾಲ್ವರೂ ಗೈಡ್‌ನ ಪಕ್ಕ ಒಂದೇ ಗುಂಪಾಗಿರಿ. ಚದುರಿದರೆ ತಿಮಿಂಗಿಲಕ್ಕೆ ಸುತ್ತುವರಿದಂತಾಗುತ್ತದೆ. ತಾಯಿ ಮತ್ತು ಮರಿಯ ನಡುವೆ ಎಂದೂ ಹೋಗಬೇಡಿ. ಕೆಳಕ್ಕೆ ಮುಳುಗಿ ಹತ್ತಿರದಿಂದ ನೋಡುವ ಆಸೆ ಬೇಡ. ಮರಿ ಉಸಿರಿಗಾಗಿ ಮೇಲೇಳುವ ದಾರಿ ಅದೇ.

5 ಮೀಟರಿನ ಮಾತಿಗೆ ಬಂದರೆ, ಹಂಪ್‌ಬ್ಯಾಕಿನ ಮುಂದಿನ ಈಜುರೆಕ್ಕೆ ಮೈಯ ಉದ್ದದ ಮೂರರಲ್ಲಿ ಒಂದು ಪಾಲು. 14 ಮೀಟರಿನ ತಾಯಿಯ ಒಂದು ರೆಕ್ಕೆ ನಾಲ್ಕೂವರೆ ಮೀಟರಿಗೂ ಮೀರಬಹುದು. ಅಂದರೆ ನಿಯಮದ ಅಂತರದಲ್ಲಿ ನಿಂತವನು ರೆಕ್ಕೆಯ ತುದಿಗೆ ಕೈಯಳತೆಯಲ್ಲೇ ಇದ್ದಾನೆ. 2020ರಲ್ಲಿ ಆಸ್ಟ್ರೇಲಿಯಾದ ನಿಂಗಲೂ ಕರಾವಳಿಯಲ್ಲಿ ಹಂಪ್‌ಬ್ಯಾಕ್‌ನ ಹೊಡೆತಕ್ಕೆ ಸಿಕ್ಕ ಈಜುಗಾರ್ತಿಯೊಬ್ಬರ ಪಕ್ಕೆಲುಬು ಮುರಿದಿತ್ತು. 5 ಮೀಟರನ್ನು ಗುರಿ ಎಂದುಕೊಳ್ಳದೆ, ದಾಟಬಾರದ ಗೆರೆ ಎಂದುಕೊಳ್ಳಿ. ಅದರ ಎರಡರಷ್ಟು ದೂರದಲ್ಲಿ ನಿಲ್ಲಿ. ತಿಮಿಂಗಿಲ ತಾನಾಗಿ ಹತ್ತಿರ ಬಂದರೆ? ಕೈಕಾಲು ಒಳಗೆ ಸೇರಿಸಿಕೊಂಡು ತೇಲುತ್ತಾ ಅಲ್ಲೇ ಇರಿ, ಇಲ್ಲವೇ ಗೈಡ್ ಹೇಳಿದ ಕಡೆಗೆ ಮೆಲ್ಲಗೆ ಸರಿಯಿರಿ. ಹತ್ತಿರವಾಗುವ ಹಕ್ಕು ಅದರದು, ನಮ್ಮದಲ್ಲ.

ನೆನಪಿಡಲು ಒಂದು ಸುಲಭ ಲೆಕ್ಕ. ಸುಮ್ಮನೆ ಸಾಗುವ ತಿಮಿಂಗಿಲವೂ ಗಂಟೆಗೆ 5 ಕಿಲೋಮೀಟರ್, ಅಂದರೆ ಸೆಕೆಂಡಿಗೆ 1.4 ಮೀಟರ್ ಹೋಗುತ್ತದೆ ಎಂದುಕೊಳ್ಳಿ. ಫಿನ್ಸ್ ಹಾಕಿದ ಸಾಮಾನ್ಯ ಈಜುಗಾರ ಸೆಕೆಂಡಿಗೆ 0.7 ಮೀಟರ್. ಒಂದು ನಿಮಿಷದಲ್ಲಿ ಅಂತರ 42 ಮೀಟರ್ ಬೆಳೆಯುತ್ತದೆ. ಕಾಲು ಜೋರಾಗಿ ಬಡಿಯಬೇಕು ಅನ್ನಿಸಿದ ಕ್ಷಣವೇ ಆ ಭೇಟಿ ಮುಗಿದಿದೆ.

ಮೇಲೆ ಬರಬೇಕಾದ ಸೂಚನೆಗಳು: ತಾಯಿ ತಿರುಗಿ ಮರಿಗೂ ನಿಮಗೂ ನಡುವೆ ಬಂದು ನಿಲ್ಲುವುದು, ಮರಿ ಆಟ ಬಿಟ್ಟು ತಾಯಿಗೆ ಅಂಟಿಕೊಳ್ಳುವುದು, ಬಾಲ ಅಡ್ಡಡ್ಡ ಬೀಸುವುದು, ಉಸಿರು ಕಹಳೆಯಂತೆ ಗಟ್ಟಿಯಾಗಿ ಕೇಳುವುದು, ಇದ್ದಕ್ಕಿದ್ದಂತೆ ದೂರ ಸರಿಯುವುದು. ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬೇಡಿ.

ಹಣ ಎಲ್ಲಿಗೆ ಹೋಗುತ್ತದೆ

"ಸ್ಥಳೀಯರಿಗೆ ನೆರವಾಗುತ್ತದೆ" ಎಂಬ ಮಾತನ್ನು ಬಿಡಿಸಿ ನೋಡಬೇಕು. ಟೊಂಗಾದಲ್ಲಿ ಹೊರದೇಶದವರು ನೆಲ ಕೊಳ್ಳುವಂತಿಲ್ಲ, ಗೇಣಿಗೆ ಮಾತ್ರ ಪಡೆಯಬಹುದು. ಆದರೆ ದೋಣಿ, ಬುಕಿಂಗ್ ಮತ್ತು ವಸತಿಯ ಆದಾಯಕ್ಕೆ ಅಂಥ ತಡೆ ತಾನಾಗಿ ಸಿಗುವುದಿಲ್ಲ. ನೂರು ಪಾಂಗಾ (ಟೊಂಗಾದ ನಾಣ್ಯ) ಕೊಟ್ಟ ಪ್ರವಾಸಿ ಹೊರದೇಶದ ಏಜೆಂಟ್ ಮೂಲಕ ಬಂದು, ಹೊರಗಿನವರ ದೋಣಿ ಹತ್ತಿ, ಹಡಗಿನಲ್ಲಿ ಬಂದ ಡಬ್ಬಿ ಆಹಾರ ತಿಂದರೆ, ದ್ವೀಪದಲ್ಲಿ ಉಳಿಯುವುದು ಕೂಲಿ ಮತ್ತು ಲೈಸೆನ್ಸ್ ಶುಲ್ಕದಷ್ಟು. ಇಂಧನವಂತೂ ಹೇಗೂ ಹೊರಗಿನದೇ. ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ: ಸ್ಕಿಪ್ಪರ್ ಮತ್ತು ಗೈಡ್ ಎಲ್ಲಿಯವರು? ಗೈಡ್ ತರಬೇತಿಯ ಖರ್ಚು ಯಾರದು? ತಿಮಿಂಗಿಲ ಸಿಗದ ದಿನವೂ ಸಂಬಳ ಇದೆಯೇ? ಕೊನೆಯದು ಮುಖ್ಯ. ಭೇಟಿ ಆದರೆ ಮಾತ್ರ ಕಾಸು ಎಂದಾದರೆ ಆ ಗೈಡ್ 90 ನಿಮಿಷ ಕಾಯುವುದು ಹೇಗೆ? "ಈಜು ಖಂಡಿತ" ಎಂದು ಜಾಹೀರಾತು ಕೊಡುವವರನ್ನು ಬಿಟ್ಟುಬಿಡಿ. ಆ ಮಾತಿನ ಭಾರ ಕೊನೆಗೆ ತಾಯಿ ಮತ್ತು ಮರಿಯ ಮೇಲೆ ಬೀಳುತ್ತದೆ.

ಈಜದೆಯೂ ಊರು ಬೆಳೆಯಬಹುದು ಎನ್ನುವುದಕ್ಕೆ ನ್ಯೂಜಿಲೆಂಡಿನ ಕೈಕೌರಾ ಉದಾಹರಣೆ. 1987ರಲ್ಲಿ ಅಲ್ಲಿನ ಮಾವೋರಿ ಕುಟುಂಬಗಳು ತಮ್ಮ ಮನೆಗಳನ್ನು ಅಡವಿಟ್ಟು ತಿಮಿಂಗಿಲ ವೀಕ್ಷಣೆಯ ದೋಣಿ ಶುರುಮಾಡಿದವು. ಇಂದು ಅದು ಊರಿನ ದೊಡ್ಡ ಆಸರೆ, ಜನ ನೋಡುವುದೆಲ್ಲ ದೋಣಿಯ ಮೇಲಿಂದಲೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಕುಬ್ಜ ಮಿಂಕೆ (ಚಿಕ್ಕ ಜಾತಿಯ ತಿಮಿಂಗಿಲ) ಪದ್ಧತಿ ಇವೆರಡರ ನಡುವಿನದು. ಜೂನ್ ಮತ್ತು ಜುಲೈನಲ್ಲಿ ದೋಣಿಯಿಂದ ಹಗ್ಗ ಇಳಿಬಿಟ್ಟು, ಈಜುಗಾರರು ಅದನ್ನು ಹಿಡಿದು ತೇಲುತ್ತಾರೆ, ಮಿಂಕೆಗಳಿಗೆ ಇಷ್ಟವಿದ್ದರೆ ಬರುತ್ತವೆ. ಯಾರು ಯಾರ ಬಳಿ ಹೋಗಬೇಕೆಂಬ ಪ್ರಶ್ನೆಯನ್ನು ಒಂದು ಹಗ್ಗವೇ ಬಗೆಹರಿಸುತ್ತದೆ. ನಮಗೆ ಅತ್ಯಂತ ಒಪ್ಪಿಗೆಯಾದ ಪದ್ಧತಿ ಇದು.

ಕೊನೆಗೆ, ಕ್ಯಾಮೆರಾ

ಸಂಶೋಧನೆಗೆ ಹೆಚ್ಚು ಬೆಲೆಬಾಳುವ ಚಿತ್ರ ನೀರೊಳಗಿನದಲ್ಲ, ದೋಣಿಯ ಮೇಲಿನದು. ಆಳಕ್ಕೆ ಮುಳುಗುವಾಗ ಎತ್ತುವ ಬಾಲದ ಅಡಿಭಾಗದ ಕಪ್ಪು ಬಿಳುಪಿನ ವಿನ್ಯಾಸ ಬೆರಳಚ್ಚಿನಂತೆ ಒಂದೊಂದಕ್ಕೂ ಬೇರೆ. ಚಿತ್ರ ನೇರ ಹಿಂದಿನಿಂದ ಇರಬೇಕು, ಬಾಲದ ಎರಡೂ ತುದಿಗಳು ಚೌಕಟ್ಟಿನಲ್ಲಿರಬೇಕು. ಅದಕ್ಕಾಗಿ ದೋಣಿಯನ್ನು ತಿಮಿಂಗಿಲದ ಹಿಂದೆ ಓಡಿಸಬೇಡಿ, ದೂರದ ಲೆನ್ಸ್ ಬಳಸಿ. ದಿನಾಂಕ, ಗಂಟೆ, ಜಿಪಿಎಸ್ ಸ್ಥಾನ, ಮರಿ ಇತ್ತೇ ಇಲ್ಲವೇ ಎಂಬುದನ್ನು ಜೊತೆಗೇ ಬರೆದಿಡಿ. ಹ್ಯಾಪಿವೇಲ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹಾಕಿದರೆ ಬೇರೆ ಸಾಗರದ ಚಿತ್ರಗಳ ಜೊತೆ ಅದು ಹೋಲಿಸಿ ನೋಡುತ್ತದೆ. ಮರಿಯ ಜೊತೆಗಿರುವ ತಾಯಿ ಬಾಲ ಎತ್ತದೆಯೇ ಮುಳುಗುವುದು ಸಾಮಾನ್ಯ. ಆಗ ಬೆನ್ನಿನ ರೆಕ್ಕೆಯ ಎರಡೂ ಪಕ್ಕದ ಚಿತ್ರ ತೆಗೆಯಿರಿ. ಮರುದಿನ ಬೆಳಗ್ಗೆ "ಅದೇ ತಿಮಿಂಗಿಲವೇ?" ಎಂದು ಸ್ಕಿಪ್ಪರ್ ಕೇಳಿದಾಗ ತೆರೆದು ನೋಡಬೇಕಾದದ್ದು ಆ ಚಿತ್ರವನ್ನೇ.